‘ನಿಮ್ಮ’ ಅಲ್ಲ, ‘ನಿನ್ನ’

ಎರಡು ವರ್ಷದ ಹಿಂದೆ ಕ್ರಿಸ್‌ಮಸ್ ರಜೆಗೆ ಧಾರವಾಡಕ್ಕೆ ಹೋಗಿದ್ದೆ. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶುಗರ್ ಹತೋಟಿಗೆ ಬಂದ ಮೇಲೆಯೇ ಆಪರೇಷನ್ ಅಂತ ಡಾಕ್ಟರು ಮುಂದೂಡಿದ್ದರು. ದಿನಾ ರಾತ್ರಿ ಊಟಕ್ಕೆ ಮೊದಲು ತಾನೇ ಓದಿಕೊಳ್ಳುತ್ತಿದ್ದ ಬೈಬಲನ್ನು ಅಜ್ಜಿ ಈಗ ಯಾರ ಕೈಗಾದರೂ ಕೊಟ್ಟು ಓದಿಸಿಕೊಳ್ಳುತ್ತಿದ್ದಳು. ಆ ರಾತ್ರಿ ಕೈಗೆ ಸಿಕ್ಕಿದ್ದು ನಾನು.

ನಾನು ಓದಿದ್ದು ಇಂಗ್ಲಿಷ್ ಮೀಡಿಯಮ್ಮು. ಮನೆಯಲ್ಲಿ ಮಾತೆಲ್ಲ ಕನ್ನಡವೇ, ಆದರೆ ಓದುವುದೆಂದರೆ ಎಡವುತ್ತಾ ಓದುವುದು. ಲೂಕನ ಸುವಾರ್ತೆ, 22ನೇ ಅಧ್ಯಾಯ. ಕೊನೆಯ ರಾತ್ರಿಯ ಊಟ ಮುಗಿದಿದೆ. ಯೇಸು ಪೇತ್ರನ ಕಡೆ ತಿರುಗಿ, ಗೋಧಿಯನ್ನು ಜರಡಿ ಹಿಡಿಯುವ ಹಾಗೆ ನಿಮ್ಮನ್ನು ಜರಡಿ ಹಿಡಿಯಬೇಕು ಅಂತ ಸೈತಾನ ಕೇಳಿಕೊಂಡಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದದಿರಲಿ ಅಂತ ನಾನು ಬೇಡಿಕೊಂಡಿದ್ದೇನೆ ಎಂಬ ಅರ್ಥದ ಮಾತು ಹೇಳುತ್ತಾನೆ. ನಾನು ಎರಡೂ ಕಡೆ ‘ನಿಮ್ಮ’ ಅಂತಲೇ ಓದಿಬಿಟ್ಟೆ.

“‘ನಿಮ್ಮ’ ಅಲ್ಲ, ‘ನಿನ್ನ’,” ಅಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ.

“ಎರಡೂ ಒಂದೇ ಅಲ್ವಾ ಅಜ್ಜಿ? ಮರ್ಯಾದೆ ಕೊಟ್ಟು ‘ನಿಮ್ಮ’ ಅಂದ್ರೆ ಏನಾಯ್ತು?”

“ಒಂದ ಹೆಂಗಾಗ್ತಾವ? ತಿರುಗಿ ಓದು.”

ತಿರುಗಿ ಓದಿದೆ. ಏನೂ ಹೊಳೆಯಲಿಲ್ಲ. ಮುಂದಿನ ಸಾಲಿನಲ್ಲಿ ಇನ್ನೆರಡು ಸಲ ಎಡವಿದೆ. ಅಜ್ಜಿ ಕೈ ಚಾಚಿ ಪುಸ್ತಕ ಮುಚ್ಚಿದಳು. “ಸಾಕು ಬಿಡು. ನಾಳೆ ನಿಮ್ಮ ಮಾಮಾ ಓದ್ತಾನ.” ಬೈಯಲಿಲ್ಲ, ಮುಖ ಗಂಟು ಹಾಕಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ನನಗೂ ವ್ಯಾಕರಣಕ್ಕೂ ಮೊದಲಿಂದಲೂ ಆಗಿಬರುವುದಿಲ್ಲ. ಸ್ಕೂಲಿನಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ವಿಭಕ್ತಿ ಪ್ರತ್ಯಯಗಳನ್ನು ಮಗ್ಗಿಯ ಹಾಗೆ ಉರು ಹೊಡೆದೆವು. ಮನೆಯಲ್ಲಿ ಯಾರೂ ‘ದೆಸೆಯಿಂದ’ ಅಂದದ್ದನ್ನು ನಾನು ಕೇಳಿರಲಿಲ್ಲ. ಪರೀಕ್ಷೆಯಲ್ಲಿ ಬರೆದೆ, ಮರುದಿನ ಮರೆತೆ. ಇಂಗ್ಲಿಷ್ ವ್ಯಾಕರಣದ ಕಥೆ ಬೇರೆ ಅಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನು ಬರೆದ ಡಾಕ್ಯುಮೆಂಟು ಪ್ರತಿಸಲ ಕೆಂಪು ಗೆರೆ ಹೊತ್ತು ವಾಪಸ್ ಬರುತ್ತಿತ್ತು. ವ್ಯಾಕರಣ ಅಂದರೆ ತಪ್ಪು ಹಿಡಿಯುವವರ ಕೈಯಲ್ಲಿರುವ ಬೆತ್ತ, ಅದು ನನ್ನಂಥವರಿಗಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಹಾಗಿದ್ದ ಮೇಲೆ ಹೀಬ್ರೂ ಕಲಿಯಲು ಹೋದದ್ದು ಯಾಕೆ? ಹಟಕ್ಕೆ. ಫೆಬ್ರವರಿಯಲ್ಲಿ ಒಬ್ಬರು ನಿವೃತ್ತ ಪಾದ್ರಿ ಬೈಬಲಿನ ಮೂಲ ಭಾಷೆಗಳನ್ನು ಆನ್‌ಲೈನಿನಲ್ಲಿ ಹೇಳಿಕೊಡುತ್ತಾರೆ ಅಂತ ಗೊತ್ತಾಯಿತು. ಶನಿವಾರ ಸಂಜೆ ಒಂದೂವರೆ ಗಂಟೆ. ಮೂಲವನ್ನೇ ಓದಿಬಿಟ್ಟರೆ ಅಜ್ಜಿಗೆ ತಪ್ಪು ಹಿಡಿಯಲು ಆಗುವುದಿಲ್ಲವಲ್ಲ ಅಂತ ನನ್ನ ಮೊಂಡು ಲೆಕ್ಕ.

ಬೈಬಲ್ ಒಂದೇ ಭಾಷೆಯಲ್ಲಿ ಹುಟ್ಟಿದ ಪುಸ್ತಕ ಅಲ್ಲ. ಹಳೆಯ ಒಡಂಬಡಿಕೆಯ ಹೆಚ್ಚಿನ ಭಾಗ ಹೀಬ್ರೂ. ದಾನಿಯೇಲ ಮತ್ತು ಎಜ್ರ ಪುಸ್ತಕಗಳ ಕೆಲವು ಅಧ್ಯಾಯಗಳು ಅದರ ದಾಯಾದಿಯಾದ ಅರಾಮಿಕ್. ಹೊಸ ಒಡಂಬಡಿಕೆ ಗ್ರೀಕ್. ಅದೂ ಹೋಮರನ ಕಾವ್ಯದ ಗ್ರೀಕ್ ಅಲ್ಲ, ಅಲೆಕ್ಸಾಂಡರನ ನಂತರ ಮೆಡಿಟರೇನಿಯನ್ ಸುತ್ತಲಿನ ಸಂತೆ, ಬಂದರು, ಕಚೇರಿಗಳಲ್ಲೆಲ್ಲ ನಡೆಯುತ್ತಿದ್ದ ಗ್ರೀಕ್. ಅದರ ಹೆಸರೇ ಕೊಯ್ನೆ, ಅಂದರೆ ಎಲ್ಲರಿಗೂ ಸೇರಿದ್ದು.

ಮೊದಲ ಎರಡು ವಾರ ಅಕ್ಷರಾಭ್ಯಾಸ. ಹೀಬ್ರೂದಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ, ಬಲದಿಂದ ಎಡಕ್ಕೆ ಬರೆಯಬೇಕು. ಸ್ವರದ ಚುಕ್ಕಿ-ಗೆರೆಗಳನ್ನು ಪಠ್ಯ ಕಾಪಾಡಿದ ಪಂಡಿತರು ಎಷ್ಟೋ ಶತಮಾನಗಳ ನಂತರ ಅಕ್ಷರದ ಕೆಳಗೆ, ಮೇಲೆ, ಪಕ್ಕಕ್ಕೆ ಇಟ್ಟರು. ಕ್ಲಾಸಿನಲ್ಲಿ ಕೆಲವರಿಗೆ ಇದು ವಿಚಿತ್ರ ಅನ್ನಿಸಿತು. ಕಾಗುಣಿತ ಬರೆದು ಬೆಳೆದ ನನಗೆ ಅನ್ನಿಸಲಿಲ್ಲ. ವ್ಯಂಜನಕ್ಕೆ ಗುರುತು ಹಚ್ಚಿ ಸ್ವರ ಹೇಳುವುದು ನಮಗೆ ಒಂದನೇ ಕ್ಲಾಸಿನ ಪಾಠ. ‘ಪರವಾಗಿಲ್ಲವೇ!’ ಅಂದುಕೊಂಡೆ.

ಆಮೇಲೆ ವ್ಯಾಕರಣ ಶುರುವಾಯಿತು, ನನ್ನ ಹಳೇ ಎದೆನಡುಕವೂ ಶುರುವಾಯಿತು. ಪಾಠದ ಪುಸ್ತಕ ಇಂಗ್ಲಿಷಿನದು. ‘ಹೀಬ್ರೂದಲ್ಲಿ ಇಂಗ್ಲಿಷಿನ ಹ್ಯಾವ್ ಎಂಬ ಕ್ರಿಯಾಪದ ಇಲ್ಲ’ ಅಂತ ದೊಡ್ಡ ಎಚ್ಚರಿಕೆಯ ಚೌಕ ಹಾಕಿದ್ದರು. ‘ನನ್ನ ಹತ್ತಿರ ಇದೆ’ ಅನ್ನಲು ಹೀಬ್ರೂದವರು ‘ಯೇಶ್ ಲಿ’ ಅನ್ನುತ್ತಾರೆ. ಯೇಶ್ ಅಂದರೆ ಇರುವಿಕೆ. ಲಿ ಅಂದರೆ ಇಂಗ್ಲಿಷಿನ ಟು ಮಿ. ನಾನು ಅದನ್ನು ಇಂಗ್ಲಿಷಿಗೆ ಹೊಂದಿಸಲು ಒದ್ದಾಡುತ್ತಾ ಕೂತೆ.

ಮೇಷ್ಟ್ರು ಹುಬ್ಬಳ್ಳಿ ಕಡೆ ಬಹಳ ವರ್ಷ ಸೇವೆ ಮಾಡಿದವರು. ಕನ್ನಡ ಚೆನ್ನಾಗಿ ಬರುತ್ತಿತ್ತು. “ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳು?” ಅಂದರು.

“ನಾಲ್ಕು ಜನ ಸರ್.”

“ಅದನ್ನ ನಿಮ್ಮ ಅಜ್ಜಿ ಹೆಂಗ ಹೇಳ್ತಾರ?”

“ನನಗ ನಾಲ್ಕು ಮಕ್ಕಳ ಇದ್ದಾರ ಅಂತ.”

“‘ನನಗ’ ಅಂದ್ಯಲ್ಲ, ಅದ ‘ಲಿ’. ‘ಇದ್ದಾರ’ ಅಂದ್ಯಲ್ಲ, ಅದ ‘ಯೇಶ್’. ಇಂಗ್ಲಿಷ್ ದಾರಿ ಹಿಡಿದು ಯಾಕ ಸುತ್ತು ಹೊಡೀತಿ? ಸೀದಾ ಬಾ.”

ಹೌದಲ್ಲ! ನಾವು ಕನ್ನಡದವರು ಮಕ್ಕಳನ್ನು ‘ಹೊಂದುವುದಿಲ್ಲ’. ನಮಗೆ ಮಕ್ಕಳು ಇರುತ್ತಾರೆ. ನಮಗೆ ಜ್ವರ ಇರುತ್ತದೆ, ನಮಗೆ ಟೈಮ್ ಇರುವುದಿಲ್ಲ. ಆ ‘ಇಲ್ಲ’ಕ್ಕೂ ಹೀಬ್ರೂದಲ್ಲಿ ಜೋಡಿ ಇದೆ: ‘ಏಯ್ನ್ ಲಿ’, ನನಗಿಲ್ಲ. ಸ್ಕೂಲಿನಲ್ಲಿ ‘ಚತುರ್ಥಿ ವಿಭಕ್ತಿ, ಗೆ, ಇಗೆ, ಕ್ಕೆ’ ಅಂತ ಉರು ಹೊಡೆದದ್ದು ಇದನ್ನೇ. ಉರು ಹೊಡೆದಾಗ ಅದು ಪಟ್ಟಿ. ಈಗ ಅದು ಅಜ್ಜಿಯ ಮಾತು.

ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿಕೊಂಡೆ. ಎಡಗಡೆ ಹೀಬ್ರೂ, ಬಲಗಡೆ ಕನ್ನಡ. ಇಂಗ್ಲಿಷಿಗೆ ಜಾಗವೇ ಇಡಲಿಲ್ಲ.

‘ಅವನು ನನ್ನ ತಮ್ಮ’ ಅನ್ನುವುದರಲ್ಲಿ ಕ್ರಿಯಾಪದ ಎಲ್ಲಿದೆ? ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ನಡುವೆ ಒಂದು ‘ಈಸ್’ ಬೇಕೇ ಬೇಕು. ಹೀಬ್ರೂದಲ್ಲೂ ಅವನು, ನನ್ನ ತಮ್ಮ ಅಂತ ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ವಾಕ್ಯ ಮುಗಿಯಿತು. ಕ್ಲಾಸಿನವರು ಇದನ್ನು ‘ಕ್ರಿಯಾಪದ ಇಲ್ಲದ ವಾಕ್ಯ’ ಅಂತ ಬೆರಗಾಗಿ ಬರೆದುಕೊಂಡರೆ, ನಾನು ಹುಟ್ಟಿದಾಗಿನಿಂದ ಅದನ್ನೇ ಆಡಿಕೊಂಡು ಬಂದಿದ್ದೆ.

ಇನ್ನೊಂದು ಬೇತ್ಲೆಹೇಮ್. ಕ್ರಿಸ್‌ಮಸ್ ಹಾಡಿನಲ್ಲಿ ನೂರಾರು ಸಲ ಹಾಡಿದ ಹೆಸರು. ಹೀಬ್ರೂದಲ್ಲಿ ಬಯಿತ್ ಅಂದರೆ ಮನೆ, ಲೆಹೆಮ್ ಅಂದರೆ ರೊಟ್ಟಿ. ಎರಡೂ ಸೇರಿದಾಗ ಬಯಿತ್ ಮೈ ಕುಗ್ಗಿಸಿಕೊಂಡು ‘ಬೇತ್’ ಆಗುತ್ತದೆ. ಬೇತ್ ಲೆಹೆಮ್, ರೊಟ್ಟಿಯ ಮನೆ. ಕನ್ನಡದಲ್ಲಿ ನಾವು ‘ರೊಟ್ಟಿ’ಗೆ ‘ಯ’ ಹಚ್ಚುತ್ತೇವೆ, ‘ಮನೆ’ ಇದ್ದ ಹಾಗೇ ಇರುತ್ತದೆ. ಅಲ್ಲಿ ರೊಟ್ಟಿ ಇದ್ದ ಹಾಗೇ ಇರುತ್ತದೆ, ಮನೆಯ ರೂಪ ಬದಲಾಗುತ್ತದೆ. ಸಂಬಂಧ ಒಂದೇ. ಗುರುತು ಯಾರ ಹಣೆಗೆ ಹಚ್ಚಬೇಕು ಅನ್ನುವುದಷ್ಟೇ ಬೇರೆ. ಷಷ್ಠಿ ವಿಭಕ್ತಿಯ ಕೆಲಸ ಏನು ಅಂತ ನನಗೆ ಅರ್ಥವಾದದ್ದು ಆವತ್ತು.

ರೊಟ್ಟಿ ಅಂದ ಮೇಲೆ ಇದನ್ನೂ ಹೇಳಬೇಕು. ‘ಅವನು ರೊಟ್ಟಿ ತಿಂದ’, ‘ಅವನು ರೊಟ್ಟಿಯನ್ನು ತಿಂದ’. ಇವೆರಡರ ನಡುವೆ ಏನು ವ್ಯತ್ಯಾಸ? ಒಂದು ನಿಮಿಷ ಓದು ನಿಲ್ಲಿಸಿ ಯೋಚಿಸಿ. ಮೊದಲನೆಯದರಲ್ಲಿ ಯಾವುದೋ ರೊಟ್ಟಿ. ಊಟಕ್ಕೆ ಏನು ತಿಂದ ಅಂದರೆ ರೊಟ್ಟಿ. ಎರಡನೆಯದರಲ್ಲಿ ಸಾಮಾನ್ಯವಾಗಿ ನಮಗೆ ಆಗಲೇ ಗೊತ್ತಿರುವ ರೊಟ್ಟಿ. ನಾನು ತಟ್ಟೆಯಲ್ಲಿ ತೆಗೆದಿಟ್ಟಿದ್ದೆನಲ್ಲ, ಅದನ್ನು ತಿಂದ. ಹೀಬ್ರೂದಲ್ಲಿ ಇದಕ್ಕೇ ಅಂತ ‘ಏತ್’ ಎಂಬ ಪುಟ್ಟ ಪದ ಇದೆ. ಯಾವುದೋ ರೊಟ್ಟಿಯಾದರೆ ಅದು ಬರುವುದಿಲ್ಲ, ಗೊತ್ತಿರುವ ಆ ರೊಟ್ಟಿಯಾದರೆ ಬರುತ್ತದೆ. ಇಂಗ್ಲಿಷಿಗೆ ಅದನ್ನು ತರಲು ಆಗುವುದಿಲ್ಲ, ಅದಕ್ಕೆ ಪುಸ್ತಕದಲ್ಲಿ ‘ಅನುವಾದ ಮಾಡಬೇಡಿ’ ಅಂತ ಬರೆದಿದ್ದರು. ನಾನು ಪಕ್ಕದಲ್ಲಿ ‘ಅನ್ನು’ ಅಂತ ಬರೆದೆ. ಪೂರ್ತಿ ಒಂದೇ ಅಲ್ಲ. ಕನ್ನಡದಲ್ಲಿ ಮನುಷ್ಯರ ಮಾತು ಬಂದಾಗ ಯಾವನೋ ಆದರೂ ‘ಅನ್ನು’ ಬೇಕು, ‘ಹುಡುಗನನ್ನು ನೋಡಿದೆ’ ಅನ್ನಬೇಕೇ ಹೊರತು ‘ಹುಡುಗ ನೋಡಿದೆ’ ಅನ್ನಲಾಗದು. ಆದರೂ ಎರಡು ಭಾಷೆಗಳಿಗೂ ತಲೆಯಲ್ಲಿದ್ದ ಯೋಚನೆ ಹತ್ತಿರದ್ದೇ. ಈ ನಿಯಮ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಮಾತಾಡುವಾಗ ಒಮ್ಮೆಯೂ ತಪ್ಪಿರಲಿಲ್ಲ.

ಹಾಗಾದರೆ ನನಗೆ ವ್ಯಾಕರಣ ಬರುವುದಿಲ್ಲ ಅಂತ ಹೇಳಿದ್ದು ಯಾರು?

ಹೀಬ್ರೂ ಕ್ರಿಯಾಪದ ಸಾಮಾನ್ಯವಾಗಿ ಮೂರು ವ್ಯಂಜನಗಳ ಮೇಲೆ ನಿಲ್ಲುತ್ತದೆ. ಆ ಮೂರನ್ನು ಬೇರೆ ಬೇರೆ ಅಚ್ಚಿನಲ್ಲಿ ಎರೆದರೆ ಬೇರೆ ಬೇರೆ ಅರ್ಥ. ಮುಖ್ಯವಾದ ಅಚ್ಚುಗಳು ಏಳು. ಅವಕ್ಕೆ ‘ಬಿನ್ಯಾನ್’ ಅನ್ನುತ್ತಾರೆ, ಅಂದರೆ ಕಟ್ಟಡ. ಲಾಮದ್ ಅಂದರೆ ಕಲಿತನು. ನಡುವಿನ ವ್ಯಂಜನವನ್ನು ಒತ್ತಿದರೆ ಲಿಮ್ಮೇದ್, ಕಲಿಸಿದನು. ನಾವು ಅದನ್ನೇ ‘ಇಸು’ ಸೇರಿಸಿ ಮಾಡುತ್ತೇವೆ: ಕಲಿ, ಕಲಿಸು, ತಿನ್ನು, ತಿನ್ನಿಸು, ಓದು, ಓದಿಸು. ಕಲಿಯುವುದು ಮತ್ತು ಕಲಿಸುವುದು ಒಂದೇ ಬೇರಿನಿಂದ ಬಂದದ್ದು ಅಂತ ಎರಡೂ ಭಾಷೆಗಳು ಬಾಯಿಬಿಟ್ಟು ಹೇಳುತ್ತವೆ. ಇಂಗ್ಲಿಷಿನ ‘ಲರ್ನ್’ ಮತ್ತು ‘ಟೀಚ್’ ನೋಡಿದರೆ ಅವಕ್ಕೆ ಪರಿಚಯವೇ ಇಲ್ಲ ಅನ್ನಿಸುತ್ತದೆ.

ಎಲ್ಲಾ ಕಡೆ ಕನ್ನಡ ಕೈಹಿಡಿಯಿತು ಅಂದರೆ ಸುಳ್ಳಾಗುತ್ತದೆ. ಹೀಬ್ರೂದಲ್ಲಿ ಊರು, ಕಲ್ಲು, ಕೈ ಎಲ್ಲಕ್ಕೂ ಹೆಣ್ಣು ಅಥವಾ ಗಂಡು ಅಂತ ಲಿಂಗ ಇದೆ. ನಮ್ಮ ನೆಮ್ಮದಿಯ ನಪುಂಸಕ ಲಿಂಗ ಅಲ್ಲಿಲ್ಲ. ಕಥೆ ಹೇಳುವಾಗ ಕ್ರಿಯಾಪದ ಮೊದಲು ಬರುತ್ತದೆ; ನಾವು ಅದನ್ನು ಕೊನೆಗೆ ಕಾಯಿಸಿ ಇಡುವವರು. ‘ನಾನು ಬರೆದೆ’ ಅನ್ನಲು ‘ಕಾತವ್ತಿ’. ಇದರಲ್ಲಿ ಬರೆದವರು ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ಕನ್ನಡದಲ್ಲೂ ಅಷ್ಟೇ. ಈ ಅಂಕಣ ಬರೆಯುತ್ತಿರುವವರು ಯಾರು ಅಂತ ನಿಮಗೂ ಇನ್ನೂ ಗೊತ್ತಾಗಿಲ್ಲ, ಅಲ್ವಾ? ಆದರೆ ‘ನೀನು ಬರೆದೆ’ ಅನ್ನಬೇಕಾದರೆ ಹೀಬ್ರೂ ಬಿಡುವುದಿಲ್ಲ. ಗಂಡಸಿಗೆ ‘ಕಾತವ್ತಾ’, ಹೆಂಗಸಿಗೆ ‘ಕಾತವ್ತ್’. ಎದುರಿಗಿರುವವರು ಯಾರು ಅಂತ ನೋಡದೆ ಬಾಯಿ ತೆರೆಯುವ ಹಾಗಿಲ್ಲ. ಹೋಲಿಕೆ ಸಿಕ್ಕಾಗ ಖುಷಿಯಾಗುತ್ತಿತ್ತು. ಹೋಲಿಕೆ ಸಿಗದಿದ್ದಾಗ ಇನ್ನೂ ಚೆನ್ನಾಗಿ ಕಲಿಯುತ್ತಿದ್ದೆ, ಯಾಕೆಂದರೆ ನಮ್ಮ ಭಾಷೆ ಏನನ್ನು ಕೇಳುತ್ತದೆ, ಏನನ್ನು ಕೇಳುವುದಿಲ್ಲ ಅಂತ ಆವಾಗಲೇ ಕಣ್ಣಿಗೆ ಬೀಳುತ್ತಿತ್ತು.

ಆ ದಿನಗಳಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಂತುಕೊಂಡೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ, ಹೆಸರು ಕೇಳಿ ಬೆಳೆದಿದ್ದೆ, ಆದರೆ ಯಾವತ್ತೂ ಯೋಚಿಸಿರಲಿಲ್ಲ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದ ಜರ್ಮನ್ ಪಾದ್ರಿ. ಬೈಬಲಿನ ಭಾಷೆಗಳನ್ನು ಓದಿಕೊಂಡು ಬಂದವರು, ಇಲ್ಲಿ ಕೇಶಿರಾಜನ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು. 13ನೇ ಶತಮಾನದ ಆ ಹಳಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿಕೊಂಡ ವ್ಯಾಕರಣ ಬಂತು, ಅದೇ ವರ್ಷ ಅವರು ತೀರಿಕೊಂಡರು. ಒಬ್ಬರು ಹೀಬ್ರೂ, ಗ್ರೀಕಿನ ಕಡೆಯಿಂದ ನಡೆದು ಕನ್ನಡ ವ್ಯಾಕರಣಕ್ಕೆ ಬಂದರು. ಕನ್ನಡದಲ್ಲೇ ಹುಟ್ಟಿದ ನಾನು ಹೀಬ್ರೂ ಕಡೆ ಹೋಗಿ, ಅಲ್ಲಿಂದ ತಿರುಗಿ ನೋಡಿದಾಗ ಕನ್ನಡ ಕಂಡಿತು. ನಾಚಿಕೆಯಾಯಿತು ಅನ್ನಲಾರೆ. ಜೊತೆ ಸಿಕ್ಕ ಹಾಗಾಯಿತು.

ಆಗಸ್ಟಿನಿಂದ ಗ್ರೀಕ್. 24 ಅಕ್ಷರ, ಐದು ವಿಭಕ್ತಿ. ಈಗ ವಿಭಕ್ತಿ ಅಂದರೆ ಭಯ ಇರಲಿಲ್ಲ. ಗ್ರೀಕಿನಲ್ಲಿ ಎಲ್ಲರನ್ನೂ ಕಾಡುವುದು ಕೃದಂತ. ಒಂದು ಮುಖ್ಯ ಕ್ರಿಯಾಪದಕ್ಕೆ ಮುಂಚೆ, ಹಿಂದೆ ಅರ್ಧ ಕ್ರಿಯೆಗಳನ್ನು ಜೋತುಹಾಕುವುದು ಅವರ ಅಭ್ಯಾಸ. ಮತ್ತಾಯನ ಸುವಾರ್ತೆಯ ಕೊನೆಗೆ ಯೇಸು ಶಿಷ್ಯರಿಗೆ ಕೊಡುವ ಅಪ್ಪಣೆಯಲ್ಲಿ ರೂಪದಲ್ಲಿ ಆಜ್ಞೆಯಾಗಿರುವ ಕ್ರಿಯಾಪದ ಒಂದೇ: ಶಿಷ್ಯರನ್ನಾಗಿ ಮಾಡಿರಿ. ಉಳಿದ ಮೂರು, ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಕಲಿಸುವುದು, ಎಲ್ಲ ಕೃದಂತಗಳು. ಇಂಗ್ಲಿಷಿನಲ್ಲಿ ‘ಹೋಗಿರಿ’ ಅನ್ನುವುದೂ ಇನ್ನೊಂದು ಆಜ್ಞೆಯ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ? ‘ಹೋಗಿ, ಶಿಷ್ಯರನ್ನಾಗಿ ಮಾಡಿರಿ’. ಮುಗಿಯಿತು. ಇನ್ನೂ ಒಂದು ಸೂಕ್ಷ್ಮ ಇದೆ. ಆ ‘ಹೋಗುವ’ ಕೃದಂತ ಮೊದಲು ಮುಗಿಯುವ ಕೆಲಸವನ್ನು ಹೇಳುವ ರೂಪದಲ್ಲಿದೆ, ಉಳಿದೆರಡು ನಡೆಯುತ್ತಲೇ ಇರುವ ಕೆಲಸದ ರೂಪದಲ್ಲಿವೆ. ಅಂದರೆ ಒಂದು ‘ಹೋಗಿ’, ಇನ್ನೆರಡು ‘ಮಾಡಿಸುತ್ತಾ’, ‘ಕಲಿಸುತ್ತಾ’. ‘ಬಸ್ಸಿನಲ್ಲಿ ಕೂತು ಫೋನ್ ಮಾಡ್ತೀನಿ’ ಮತ್ತು ‘ಅಡುಗೆ ಮಾಡ್ತಾ ಫೋನಲ್ಲಿ ಮಾತಾಡ್ತೀನಿ’ ಅನ್ನುವವರಿಗೆ ಇದನ್ನು ಬೇರೆ ಹೇಳಿಕೊಡಬೇಕಾ? ಸ್ಕೂಲಿನ ಪುಸ್ತಕದಲ್ಲಿ ‘ಕೃದಂತಾವ್ಯಯ’ ಅಂತ ಒಂದು ಪುಟ ಇತ್ತು. ಅದರಲ್ಲಿ ಇದ್ದದ್ದು ಇದೇ.

ನವೆಂಬರಿನಲ್ಲಿ ಆಫೀಸಿನ ವಿಷಯ ನಡೆಯಿತು.

ಒಂದು ಬುಧವಾರ ಸಂಜೆ ಮೇಲಿನಿಂದ ಇಂಗ್ಲಿಷಿನಲ್ಲಿ ಮೇಲ್ ಬಂತು. ‘ಯುವರ್ ರೋಲ್’ ಮರುಪರಿಶೀಲನೆಯಲ್ಲಿದೆ, ಶುಕ್ರವಾರದೊಳಗೆ ತಿಳಿಸಲಾಗುವುದು. ಅಷ್ಟೇ. ನನ್ನೊಬ್ಬರ ಕೆಲಸಕ್ಕಾ, ಇಡೀ ಟೀಮಿಗಾ? ಇಂಗ್ಲಿಷಿನ ‘ಯು’ ಬಾಯಿಬಿಡುವುದಿಲ್ಲ. ಒಬ್ಬನಿಗೂ ಅದೇ, ಊರಿಗೂ ಅದೇ. ರಾತ್ರಿ ಹತ್ತರವರೆಗೆ ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ತನಗೊಬ್ಬನಿಗೇ ಬಂದಿದೆ ಅಂದುಕೊಂಡು ಒಳಗೇ ಬೇಯುತ್ತಿದ್ದರು. ಕೊನೆಗೆ ಒಬ್ಬಳು ಧೈರ್ಯ ಮಾಡಿ ಗ್ರೂಪಿನಲ್ಲಿ ಕೇಳಿದಳು. ಹನ್ನೊಂದು ಜನಕ್ಕೂ ಬಂದಿತ್ತು.

ಶುಕ್ರವಾರ ನಾಲ್ಕು ಜನರನ್ನು ತೆಗೆದರು. ನಾನು ಉಳಿದೆ. ನಾಲ್ವರಲ್ಲಿ ಒಬ್ಬ ನನ್ನ ಪಕ್ಕದ ಸೀಟಿನವನು. ಮೂರು ವರ್ಷ ಜೊತೆಗೆ ಚಹಾ ಕುಡಿದವನು. ಮನೆ ಸಾಲ ಇತ್ತು, ಹೆಂಡತಿ ಏಳು ತಿಂಗಳ ಗರ್ಭಿಣಿ. ಏನು ಹೇಳಬೇಕೋ ತೋಚಲಿಲ್ಲ. ಗ್ರೂಪಿನಲ್ಲಿ ‘ನಿಮ್ಮೆಲ್ಲರ ಜೊತೆ ನಾವಿದ್ದೇವೆ’ ಅಂತ ಹಾಕಿದೆ. ಕೈಮುಗಿದ ಇಮೋಜಿ ಒಂದು. ಬೇರೆಯವರೂ ಅದನ್ನೇ ಹಾಕಿದರು. ಕರ್ತವ್ಯ ಮುಗಿಯಿತು ಅನ್ನಿಸಿತು.

ಮರುದಿನ ಶನಿವಾರ. ಮೇಷ್ಟ್ರು ಪರದೆಯ ಮೇಲೆ ಲೂಕ 22 ತೆರೆದರು. ನಾನು ಒಂದೊಂದೇ ಪದ ಬಿಡಿಸುತ್ತಾ ಹೋದೆ. ಸೈತಾನ, ಕೇಳಿಕೊಂಡ, ಜರಡಿ, ಗೋಧಿ. ಅದರ ನಡುವೆ ‘ಹುಮಾಸ್’. ಬಹುವಚನ. ಸಂಬೋಧನೆ ಸೀಮೋನ ಪೇತ್ರ ಒಬ್ಬನಿಗೆ, ಆದರೆ ಜರಡಿ ಎಲ್ಲರಿಗೂ. ಮುಂದಿನ ಸಾಲು: ನಾನಾದರೋ ಬೇಡಿಕೊಂಡೆ, ಅಲ್ಲಿ ‘ಸೂ’. ಏಕವಚನ. ನಿನ್ನ ವಿಷಯದಲ್ಲಿ, ನಿನ್ನ ನಂಬಿಕೆ. ನೀನೊಬ್ಬ.

ಕಷ್ಟ ಬಂದದ್ದು ಎಲ್ಲರಿಗೂ ಒಟ್ಟಿಗೆ. ಬೇಡಿಕೊಂಡದ್ದು ಒಬ್ಬನ ಹೆಸರು ಹಿಡಿದು. ಅದೂ ಯಾರಿಗೆ? ಆ ರಾತ್ರಿ ಕೋಳಿ ಕೂಗುವ ಮುಂಚೆ ಮೂರು ಸಲ ‘ನನಗೆ ಅವನು ಗೊತ್ತಿಲ್ಲ’ ಅನ್ನಲಿರುವವನಿಗೆ.

“ಇಂಗ್ಲಿಷಿನಲ್ಲಿ ಎರಡೂ ಯು,” ಅಂದರು ಮೇಷ್ಟ್ರು. “ಓದಿದವನಿಗೆ ಇದು ಕಾಣೋದೇ ಇಲ್ಲ. ಕನ್ನಡದಾಗ ನೋಡು.”

ನೋಡಬೇಕಾಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತ ಅಜ್ಜಿಯ ದನಿ ಕಿವಿಯಲ್ಲೇ ಇತ್ತು. ‘ನಿಮ್ಮ’ ಅಲ್ಲ, ‘ನಿನ್ನ’. ನಮ್ಮ ‘ನೀವು’ ಎರಡು ಕೆಲಸ ಮಾಡುತ್ತದೆ, ಬಹುವಚನವೂ ಹೌದು, ಮರ್ಯಾದೆಯೂ ಹೌದು. ಬೆಂಗಳೂರಿನಲ್ಲಿ ಎಲ್ಲರಿಗೂ ‘ನೀವು’ ಅಂದು ಅಂದು ನನಗೆ ಮರ್ಯಾದೆಯ ‘ನೀವು’ ಮಾತ್ರ ಉಳಿದಿತ್ತು, ಎಣಿಕೆ ಮರೆತುಹೋಗಿತ್ತು. ಅಜ್ಜಿ ನನ್ನ ಉಚ್ಚಾರ ತಿದ್ದಿರಲಿಲ್ಲ. ಆ ವಾಕ್ಯದ ಜೀವ ಎಲ್ಲಿದೆ ಅಂತ ತೋರಿಸಿದ್ದಳು.

ಕ್ಲಾಸ್ ಮುಗಿದ ಮೇಲೆ ಫೋನ್ ಕೈಗೆತ್ತಿಕೊಂಡು ಗ್ರೂಪಿಗೆ ಹಾಕಿದ್ದ ಮೆಸೇಜ್ ನೋಡಿದೆ. ‘ನಿಮ್ಮೆಲ್ಲರ ಜೊತೆ.’ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಅದು ಯಾರಿಗೂ ಹೇಳಿದ ಮಾತಾಗಿರಲಿಲ್ಲ. ಪಕ್ಕದ ಸೀಟಿನವನಿಗೆ ಫೋನ್ ಮಾಡಿದೆ. ಮೂರು ದಿನದಿಂದ ಗ್ರೂಪಿನಲ್ಲಿ ನೂರು ಮೆಸೇಜ್ ಬಂದಿವೆ, ಫೋನ್ ಮಾಡಿದ್ದು ನೀನೊಬ್ಬರೇ ಅಂತ ಮಾತು ತಡವರಿಸುತ್ತಾ ಅಂದ. ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಅಂತ ಅವನಿಗೂ ಗೊಂದಲ. ಇಬ್ಬರೂ ನಕ್ಕೆವು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ಅವನ ರೆಸ್ಯೂಮೆ ಕೂತು ತಿದ್ದಿದೆ. ಹೌದು, ನಾನೇ. ಕೆಂಪು ಗೆರೆ ಹೊರುತ್ತಿದ್ದ ನಾನು.

ವ್ಯಾಕರಣ ಕಲಿತರೆ ಒಳ್ಳೆಯವರಾಗುತ್ತೇವೆ ಅಂತ ನಾನು ಹೇಳುತ್ತಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ವ್ಯಾಕರಣ ಬೆತ್ತ ಅಲ್ಲ, ಕನ್ನಡಕ. ಅದು ಇರುವುದು ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಅಂತ ನೋಡಲಿಕ್ಕೆ. ಮತ್ತು ನಮಗೆ ತೀರಾ ಹತ್ತಿರ ಇರುವುದು ಕಾಣಬೇಕಾದರೆ ಕೆಲವು ಸಲ ದೂರದ ಭಾಷೆಯ ತನಕ ಹೋಗಿ ಬರಬೇಕಾಗುತ್ತದೆ.

ನಿಮಗೂ ‘ನಂಗೆ ಗ್ರಾಮರ್ ಬರಲ್ಲ’ ಅಂತ ಯಾರೋ ನಂಬಿಸಿಬಿಟ್ಟಿದ್ದರೆ ಒಂದು ಪ್ರಯೋಗ ಮಾಡಿ. ಹೀಬ್ರೂವೇ ಆಗಬೇಕಿಲ್ಲ, ಯಾವ ಭಾಷೆಯಾದರೂ ಸರಿ. ಪ್ರತಿ ಹೊಸ ನಿಯಮದ ಪಕ್ಕದಲ್ಲಿ ‘ಇದನ್ನು ನಮ್ಮ ಮನೆಯಲ್ಲಿ ಹೇಗೆ ಹೇಳ್ತೀವಿ?’ ಅಂತ ಬರೆದುಕೊಳ್ಳಿ. ಪುಸ್ತಕದ ಕನ್ನಡ ಬೇಡ, ಮನೆಯ ಕನ್ನಡ. ಹೋಲಿಕೆ ಇದ್ದರೆ ಒಂದು ಗೆರೆ, ಇಲ್ಲದಿದ್ದರೆ ಎರಡು ಗೆರೆ. ಮೂರು ತಿಂಗಳಲ್ಲಿ ನೋಟ್‌ಬುಕ್ಕಿನ ಬಲಗಡೆ ನಿಮ್ಮದೇ ಭಾಷೆಯ ವ್ಯಾಕರಣ ಬೆಳೆದಿರುತ್ತದೆ.

ಕಳೆದ ಕ್ರಿಸ್‌ಮಸ್ಸಿಗೆ ಮತ್ತೆ ಧಾರವಾಡಕ್ಕೆ ಹೋದೆ. ಊಟಕ್ಕೆ ಮೊದಲು ಅಜ್ಜಿಯ ಪಕ್ಕ ಕೂತು, ಹುಮಾಸ್, ಸೂ, ಬಹುವಚನ, ಏಕವಚನ ಎಲ್ಲ ಹೇಳಿದೆ. ಸಣ್ಣ ಮಕ್ಕಳು ಸ್ಕೂಲಿನ ಸುದ್ದಿ ಹೇಳುವ ಹಾಗೆ ಹೇಳಿದೆ ಅಂತ ಕಾಣುತ್ತದೆ. ಅಜ್ಜಿ ಪೂರ್ತಿ ಕೇಳಿದಳು.

“ಇಷ್ಟ ತಿಳೀಲಿಕ್ಕೆ ವರ್ಷ ಹಿಡೀತಾ?” ಅಂದಳು.

ಆಗಲೇ ಒಂದು ಕಣ್ಣಿನ ಆಪರೇಷನ್ ಆಗಿತ್ತು. ಹೊಸ ಚಷ್ಮಾ ಬಂದಿತ್ತು. ಬೇಕಾಗಿದ್ದರೆ ತಾನೇ ಓದಿಕೊಳ್ಳಬಹುದಿತ್ತು. ಮಾಮಾ ಕೂಡ ಅಲ್ಲೇ ಕೂತಿದ್ದ. ಅಜ್ಜಿ ಚಷ್ಮಾ ತೆಗೆದು ಪಕ್ಕಕ್ಕಿಟ್ಟು, ಪುಸ್ತಕವನ್ನು ನನ್ನ ಕಡೆ ಸರಿಸಿದಳು.

“ಓದು,” ಅಂದಳು.